ಬೇರುಸಮೇತ ತೇರಡಾ

ಮನೆಗೆಲಸದ ಕಮಲಾಬಾಯಿಯ ಕೈಯಲ್ಲಿ ಬೇರುಸಮೇತ ಕಿತ್ತ ತೇರಡಾ ಗಿಡಗಳನ್ನು ಕಂಡದ್ದೇ ತಡ, ನಿರುಪಮಾಳಿಗೆ ಸಿಟ್ಟು ನೆತ್ತಿಗೇರಿತು. ಒಂದಲ್ಲ ಎರಡಲ್ಲ, ಐದು ಗಿಡ. ಅವಾದರೂ ಎಂಥವು? ಮೈತುಂಬ ಕಾಯಿ ಹೊತ್ತು, ಇನ್ನೆಂಟು ದಿನ ಬಿಟ್ಟರೆ ತಾವೇ ಸಿಡಿದು ಬೀಜ ಚೆಲ್ಲುವಂಥವು.

ಮಹಾರಾಷ್ಟ್ರದ ಸಂಭಾಜಿನಗರದ ಆ ಸೊಸೈಟಿಯ ಹಿತ್ತಲಲ್ಲಿ ಇದ್ದದ್ದೆಲ್ಲ ಈ ಸೀಮೆಯದೇ ಕಾಡುಹೂಗಳು: ತುಂಬೆ, ಅಣ್ಣೆ, ಎಲ್ಲಕ್ಕಿಂತ ಹೆಚ್ಚಾಗಿ ಕರ್ಣಕುಂಡಲದ ಕಾಡುತಂಗಿ ಈ ತೇರಡಾ. ಬ್ಯಾಂಕಿನಲ್ಲಿರುವ ಗಂಡನಿಗೆ ವರ್ಗವಾಗಿ ಧಾರವಾಡದಿಂದ ಬಂದ ನಿರುಪಮಾ ಮೂರು ವರ್ಷದಿಂದ ಅಲ್ಲಿ ಸೊಂಟ ಬಗ್ಗಿಸಿ ಕಾಂಗ್ರೆಸ್ ಕಸ ಕಿತ್ತದ್ದೇ ಕಿತ್ತದ್ದು. ಕಸ ಕಿತ್ತು ಕಸವನ್ನೇ ಬೆಳೆಸುತ್ತಾಳೆ ಎಂದು ಜನ ನಕ್ಕರು. ನಗಲಿ. ಆದರೆ ಪ್ರತಿ ಗಣಪತಿ ಹಬ್ಬಕ್ಕೂ ಕಾರ್ಯಕ್ರಮದ ಖುರ್ಚಿ ಹಾಕಬೇಕೆಂದು ಸೆಕ್ರೆಟರಿ ಹುಲ್ಲು ಕತ್ತರಿಸುವ ಮಷಿನ್ ತರಿಸಿ, ಬೀಜ ಬಲಿಯುವ ಮೊದಲೇ ಎಲ್ಲ ಬೋಳಿಸಿಬಿಡುತ್ತಿದ್ದ. ಮೂರು ಅರ್ಜಿ ಬರೆದು, ಈ ಸಲ ಕತ್ತರಿಸುವುದಿಲ್ಲ ಎಂಬ ಮಾತನ್ನು ಅವನಿಂದ ಹೇಗೋ ಪಡೆದಿದ್ದಳು. ಈಗ ನೋಡಿದರೆ ಈ ಮುದುಕಿ! ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ಹೂವ ಬೇಕಾದ್ರ ಹರಕೋರಿ ಕಮಲಾಬಾಯಿ, ಬ್ಯಾಡ ಅನ್ನಂಗಿಲ್ಲ. ಬುಡಸಮೇತ ಕಿತ್ರ ಮುಂದಿನ ವರ್ಷಕ್ಕ ಏನ ಉಳೀತದ?"

ಕಮಲಾಬಾಯಿ ಅಕ್ಕಲಕೋಟೆ ಕಡೆಯವಳು, ಕನ್ನಡ ಅವಳಿಗೆ ಮನೆಮಾತು. ಇವತ್ತು ಗೌರಿ ಮನೆಗೆ ಬರುವ ದಿನ, ಇಲ್ಲಿ ತೇರಡಾ ಗಿಡವೇ ಗೌರಿ, ಬೇರಿಲ್ಲದೆ ಅವಳು ಹೇಗೆ ನಡೆದು ಬಂದಾಳು ಎಂದು ಮಗುವಿಗೆ ತಿಳಿಹೇಳುವಂತೆ ಹೇಳಿದಳು. ಪ್ರತಿವರ್ಷ ಇಲ್ಲಿಂದಲೇ ಒಯ್ಯುತ್ತೇನೆ ಎಂದೂ ಸೇರಿಸಿದಳು. ನಿರುಪಮಾಳಿಗೆ ಅದು ಗೊತ್ತಿದ್ದದ್ದೇ. ಅದಕ್ಕೇ ಅವಳ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಆಚೆ ಮೂಲೆಯಲ್ಲಿ ಮಷಿನ್ ಗುರ್ರೆಂದಿತು. ನಿರುಪಮಾ ಓಡಿದಳು. ಕಮಿಟಿಯವರು ಕೇಳಲಿಲ್ಲ ಮ್ಯಾಡಮ್ ಎಂದು ಸೆಕ್ರೆಟರಿ ಹಲ್ಲು ಕಿರಿದ. ಕೊಯ್ದರೂ ಪ್ರತಿವರ್ಷ ಬೆಳೆದೇ ಬೆಳೆಯುತ್ತದಲ್ಲ, ಯಾಕೆ ಚಿಂತೆ ಎಂದು ಸಮಾಧಾನವನ್ನೂ ಹೇಳಿದ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಹಿಂದಿರುಗಿದಳು.

"ಬೇರಿಂದ ಚಿಗೀತೈತಿ ಅಂತ ನೀವೂ ತಿಳಕೊಂಡೀರೇನ್ರಿ ವೈನಿ?" ಸೆಕ್ರೆಟರಿಯ ಮಾತು ಕಿವಿಗೆ ಬಿದ್ದಿದ್ದ ಕಮಲಾಬಾಯಿ ಕೇಳಿದಳು. "ಗೌರಿ ಕಳಿಸಿದ ಮ್ಯಾಲ ಈ ಗಿಡಾ ಗಚ್ಚಿ ಮ್ಯಾಲ ಒಣಗಸ್ತೀನಿ. ಕಾಯಿ ಸಿಡೀತಾವು. ಆ ಬೀಜಾ ಮುಂದಿನ ಜೂನದಾಗ ಮಿರಗದ ಮಳಿಗೆ ಇಲ್ಲೇ ತಂದು ಚೆಲ್ತೀನಿ. ಇಲ್ಲಾಂದ್ರ ಬೋಳ ನೆಲದಾಗ ಎಲ್ಲಿಂದ ಬರಬೇಕು?"

ಎಲ್ಲ ತನ್ನ ಆರೈಕೆಯ ಫಲವೆಂದು ಬೀಗಿದ್ದೇನು, ಇವಳನ್ನು ಕಳ್ಳಿ ಎಂದು ಗಂಡನೆದುರು ಬೈದದ್ದೇನು! ನಿರುಪಮಾಳಿಗೆ ನಾಚಿಕೆಯಾಯಿತು. ಆದರೆ ನಾಚಲಿಕ್ಕೂ ಪುರಸೊತ್ತಿರಲಿಲ್ಲ, ಮಷಿನ್ ತುಂಬೆ ಗಿಡಗಳ ತನಕ ಬಂದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೂ ಎರಡೂ ಕೈಯಿಂದ ತೇರಡಾ ಕೀಳತೊಡಗಿದಳು. ಕಾಯಿ ಬಲಿತದ್ದು ಯಾವುದೆಂದು ಕಮಲಾಬಾಯಿ ತೋರಿಸುತ್ತ ಹೋದಳು.

ಸೆಕ್ರೆಟರಿ ದಾರಿಗಡ್ಡ ನಿಂತು ನಕ್ಕ. ಮೂರು ಅರ್ಜಿ ಬರೆದು ಕೊನೆಗೆ ನೀವೇ ಕೀಳುತ್ತಿದ್ದೀರಲ್ಲ, ಇದು ಬರೀ ಕಸ ಅಂತ ನಾನು ಅವತ್ತೇ ಹೇಳಿರಲಿಲ್ಲವೇ ಎಂದ.

ನಿರುಪಮಾ ಮಣ್ಣು ಉದುರುತ್ತಿದ್ದ ಬೇರುಗಳನ್ನು ಎದೆಗವಚಿಕೊಂಡಳು.

"ಗೌರಿ ಬಂದಾಳ. ದಾರಿ ಬಿಡ್ರಿ."

ಸೆಕ್ರೆಟರಿ ಗಡಬಡಿಸಿ ಪಕ್ಕಕ್ಕೆ ಸರಿದ. ಕಾಲಲ್ಲಿದ್ದ ಚಪ್ಪಲಿ ಕಳಚಿ, ಅವಳ ತೋಳಲ್ಲಿದ್ದ ಗಿಡಗಳಿಗೆ ಭಕ್ತಿಯಿಂದ ಕೈಮುಗಿದ. ಅವನ ಬೆನ್ನ ಹಿಂದೆ ಮಷಿನ್ ಉಳಿದ ತೇರಡಾಗಳನ್ನು ಕೊಯ್ಯುತ್ತಲೇ ಇತ್ತು.