ಅಪಸ್ವರದ ಆಲ್ಬಮ್

"ನಿನ್ನ ಗಂಟಲಲ್ಲಿರೋದು ಸಂಗೀತ ಅಲ್ಲ, ಬರೀ ಗದ್ದಲ" ಎಂದು ತುಂಬಿದ ಸಭೆಯಲ್ಲಿ ತನ್ನನ್ನು ವೇದಿಕೆಯಿಂದ ಇಳಿಸಿದ್ದ ಸಂಗೀತದ ಮೇಷ್ಟ್ರ ಮೇಲೆ ಮೇದಿನಿ ಹಲ್ಲು ಕಡಿಯುತ್ತಲೇ ಬೆಳೆದಳು. ಕೊನೆಗೆ, ಗಿಟಾರಿಗೆ ಶ್ರುತಿ ಕೂಡಿಸಲೂ ಬಾರದ ಗೆಳತಿಯರಿಬ್ಬರನ್ನು ಕಟ್ಟಿಕೊಂಡು ಒಂದು ರಾಕ್ ಆಲ್ಬಮ್ ಮಾಡಿದಳು. ತಾಳ ಒಂದು ಕಡೆ, ಹಾಡು ಇನ್ನೊಂದು ಕಡೆ. ಗಿಟಾರು ಗರಗಸದಂತೆ ಕೊಯ್ಯುತ್ತಿತ್ತು. ಅವಳ ಕಿರುಚಾಟ ಅಮಲೇರಿದಂತೆ ಸುತ್ತಿ ಸುತ್ತಿ ಮಾರ್ದನಿಸುತ್ತಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಎದೆ ಹಗುರಾಗಿತ್ತು.

ಸ್ಪೀಕರ್ ಹೊತ್ತು ನೇರ ಮೇಷ್ಟ್ರ ಮನೆಗೇ ಹೋದಳು.

"ನೀವು ಹೇಳಿದ ಗದ್ದಲ ತಂದಿದೀನಿ. ಪೂರ್ತಿ ಕೇಳ್ಬೇಕು ಮೇಷ್ಟ್ರೇ."

ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ಅವರು ಮುಖ ಕಿವುಚುವುದನ್ನು ನೋಡಲು ಅವಳು ಕಾದಳು. ಹಾಡು ಏರಿದಂತೆ ಅವರ ಕೆನ್ನೆಯ ಮೇಲೆ ಕಣ್ಣೀರಿಳಿಯಿತು. ಮೇದಿನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನೋವಾಯ್ತಾ ಮೇಷ್ಟ್ರೇ?"

"ಇಲ್ಲಮ್ಮ. ಹೀಗೆ ಒಂದೇ ಒಂದ್ಸಲ ಕಿರುಚ್ಬೇಕು ಅಂತ ಜೀವಮಾನವೆಲ್ಲ ಆಸೆಪಟ್ಟಿದ್ದೆ" ಎನ್ನುತ್ತ ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿದರು. "ಆ ಸ್ಪೀಕರ್ ಎತ್ಕೋ. ಸ್ವರ ತಪ್ಪಿದಾಗೆಲ್ಲ ನನಗೆ ಬೆತ್ತದಲ್ಲಿ ಬಾರಿಸ್ತಿದ್ದ ಗುರುಗಳು ಇನ್ನೂ ಬದುಕಿದಾರೆ."