ಸಬ್ಸಿಡಿಯ ಫೋಟೊ

ಹದಿಮೂರನೇ ದಿನದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ. ಸೋಲಾರ್ ಸಬ್ಸಿಡಿಯ ತಪಾಸಣೆಗೆಂದು ವಿದ್ಯುತ್ ಕಚೇರಿಯವರು ಬಂದರು.

"ಅರ್ಜಿ ನಿಮ್ಮ ಹೆಸರಲ್ಲಿದೆ ಮೇಡಂ. ಪ್ಯಾನೆಲ್ ಪಕ್ಕ ನೀವು ನಿಂತಿರೋ ಫೋಟೊ ಬೇಕು. ಇಲ್ಲಾಂದ್ರೆ ಸಬ್ಸಿಡಿ ಬರಲ್ಲ."

"ಯಾವ ಸಬ್ಸಿಡಿನೂ ಬೇಡ," ಅತ್ತೆ ಒಳಗಿನಿಂದ ಕೂಗಿದರು. "ಅದನ್ನ ಒರೆಸೋಕೆ ಹತ್ತಿ ತಾನೆ ನನ್ನ ಮಗ ಬಿದ್ದಿದ್ದು? ಕಿತ್ಕೊಂಡು ಹೋಗಿ!"

ಅವತ್ತು ಏಣಿ ಕೊಟ್ಟಿದ್ದ ಪಕ್ಕದ ಮನೆಯ ರಾಯರು ಕಾಂಪೌಂಡಿನಾಚೆಯಿಂದ ಇಣುಕಿದರು. "ಅವನದು ಯಾವಾಗಲೂ ಅವಸರ. ಕಾಲು ಜಾರ್ತು. ನೀನು ಹತ್ತಬೇಡಮ್ಮ."

"ಆರು ತಿಂಗಳು ಅಲೆದು ಹಾಕಿಸಿದ್ದು ಅವರು, ಅತ್ತೆ. ನಾನು ಕೀಳಿಸಲ್ಲ," ಎಂದೆ.

ಸೆರಗು ಸಿಕ್ಕಿಸಿಕೊಂಡು ಅದೇ ಕಬ್ಬಿಣದ ಏಣಿ ಹತ್ತಿದೆ. ನಾಲ್ಕನೇ ಮೆಟ್ಟಿಲಿನಿಂದ ನೇರ ಆರನೆಯದಕ್ಕೆ ಕಾಲಿಟ್ಟು ತಾರಸಿ ಸೇರಿದೆ. ಕೆಳಗಿನಿಂದಲೇ ಮೊಬೈಲ್ ಎತ್ತಿ ಹಿಡಿದ ಕಚೇರಿಯವರು "ಸ್ವಲ್ಪ ನಗಿ" ಎಂದು ನಾಲಿಗೆ ಕಚ್ಚಿಕೊಂಡರು.

ಇಳಿದು ಬಂದಾಗ ರಾಯರು ಇನ್ನೂ ಅಲ್ಲೇ ಇದ್ದರು. "ಆ ಏಣಿ ವಾಪಸ್ ತರಬೇಡಮ್ಮ. ಸಾವು ಕಂಡ ವಸ್ತು. ಗುಜರಿಗೆ ಹಾಕಿಬಿಡು."

ಸಂಜೆ ಏಣಿಯನ್ನು ಹೊತ್ತುಕೊಂಡು ಹೋಗಿ ಅವರ ಬಾಗಿಲ ಪಕ್ಕ ಒರಗಿಸಿದೆ.

"ಬೇಡ ಅಂದೆನಲ್ಲಮ್ಮ!"

"ಹೆದರಬೇಡಿ ರಾಯರೇ. ನೀವು ತಂತಿ ಸುತ್ತಿ ಕೊಟ್ಟಿದ್ದ ಐದನೇ ಮೆಟ್ಟಿಲಿಗೆ ವೆಲ್ಡಿಂಗ್ ಮಾಡಿಸಿದೀನಿ."