ನಾಲ್ಕನೇ ಬಾಲ

"ರೀ, ನಡುವಿನ ಅಂಗಿ ಎಲ್ಲಿ ಹೋಯ್ತು? ಗಾಳಿಗೆ ಹಾರಿಹೋಯ್ತಾ?"

ಹಿತ್ತಿಲ ಜಗಲಿಯಲ್ಲಿ ಪೀಕನ್ ಕಾಯಿ ಒಡೆಯುತ್ತ ಕೂತಿದ್ದ ನೊರೀನ್ ಹೀಗೆ ಕೇಳಿದ್ದೇ ತಡ, ಗಂಡ ಆರ್ಲಿಸ್‌ನ ಮುಖ ಅರಳಿತು. ಹೊತ್ತು ಮುಳುಗಿದ ಮಬ್ಬಿನಲ್ಲಿ ಬೇಲಿಯ ಮೇಲೆ ಮೂರು ಬೇಟೆ ಅಂಗಿ ನೇತುಹಾಕಿ ಅವನು ಕಾಯುತ್ತಿದ್ದುದೇ ಈ ಮಾತಿಗೆ. ಕಡುಹಸಿರಿನದು ಕರಡಿಯ ಹಾಗೆ ಕಪ್ಪಗೆ ಎದ್ದು ಕಾಣುತ್ತಿತ್ತು. ಹಳೆಯದು, ನೊರೀನ್ ಹಾಕಿ ಒಗೆದ ಬಿಳುಪಿನ ಸೋಪುಪುಡಿಯ ದಯೆಯಿಂದ, ಮಿಣಮಿಣ ಎನ್ನುತ್ತಿತ್ತು. ನಡುವಿನ ಬೂದಿಬಣ್ಣದ್ದು ಮಾತ್ರ ಬೇಲಿಯಲ್ಲೇ ಕರಗಿಹೋಗಿತ್ತು.

"ಅಲ್ಲೇ ಇದೆ ಕಣೇ! ನಿನ್ನ ಕಣ್ಣಿಗೇ ಕಾಣಲ್ಲ ಅಂದ್ಮೇಲೆ ಜಿಂಕೆಗೆ ಕಾಣುತ್ತಾ?"

"ಕಾಣದಿದ್ರೆ ಸಾಕಾ? ಬಾಣ ತಾಗಬೇಡ್ವಾ? ಅದಕ್ಕೇ ಉದ್ದ ಬಾಲದ ಅಂಗಿ ತಗೊಳ್ಳಿ ಅಂದೆ. ಹೋದ ಸಲ ನಿಮ್ಮ ಬೇಟೆ ಗೆಳೆಯ ಆ ಡಾಯಲ್ ಬಾಲ ಕತ್ತರಿಸಿದ್ದಕ್ಕೆ ಬೆನ್ನೆಲ್ಲ ಕಾಣ್ತಿತ್ತು."

ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿ, ಅವರ ಬಾಯಲ್ಲಿ 'ಬಾಲ', ಕತ್ತರಿಸಿ ಬೇಟೆಮನೆಯ ಗೋಡೆಗೆ ಮೊಳೆ ಹೊಡೆಯುವುದು ಅಲಬಾಮಾದ ಅವರ ಗುಂಪಿನ ಪದ್ಧತಿ. ಗೋಡೆಯ ಮೇಲಿದ್ದ ಮೂರು ಬಾಲಗಳೂ ಆರ್ಲಿಸ್‌ನವೇ. ಹೊಸಬನೊಬ್ಬ ಬಂದು ಅವನ್ನು ಪರದೆ ಅಂದುಕೊಂಡಿದ್ದ. ನಾಲ್ಕನೆಯದೂ ಸೇರಿದರೆ ಅವನು ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ಮರುದಿನ ಸಂಜೆ ಬೂದಿ ಅಂಗಿ ತೊಟ್ಟು, ಬಿಲ್ಲು ಹಿಡಿದು ಓಕ್ ಮರಕ್ಕೆ ಒರಗಿ ನಿಂತ. ಅಂಗಿ ಮಾತು ಉಳಿಸಿಕೊಂಡಿತು. ಕವಲು ಕೊಂಬಿನ ಗಂಡು ಜಿಂಕೆಯೊಂದು ಸೀದಾ ಬಂದು ಅವನ ಬೂಟಿನ ಪಕ್ಕದಲ್ಲೇ ಓಕ್ ಕಾಯಿ ಮುಕ್ಕತೊಡಗಿತು. ಇಷ್ಟು ಹತ್ತಿರ ಬರುತ್ತದೆಂದು ಪಾಪ, ಅವನು ಎಣಿಸಿರಲಿಲ್ಲ. ಗಡಿಬಿಡಿಯಲ್ಲಿ ಬಿಲ್ಲೆಳೆದು ಬಿಟ್ಟ. ಬಾಣ ಎದುರಿನ ಮರಕ್ಕೆ ನಾಟಿತು. ಜಿಂಕೆ ತನ್ನ ಬಿಳಿ ಬಾಲ ಎತ್ತಿ ತೋರಿಸಿ ಓಡಿತು.

ಬೇಟೆಮನೆಯಲ್ಲಿ ಡಾಯಲ್ ಕತ್ತರಿ ಹಿಡಿದೇ ಕಾದಿದ್ದ.

"ತಿರುಗೋ ದೊರೆ! ನಿನ್ನ ಬಾಲ ಕತ್ತರಿಸದೆ ವರ್ಷ ಮುಗಿಯುತ್ತಾ?"

ಅಂಗಿ ಕರಕ್ಕೆಂದಿತು. ವರ್ಷಗಟ್ಟಲೆ ಧೂಳು ಹೊಗೆ ತಿಂದು ಬೂದಿಬಣ್ಣಕ್ಕೆ ತಿರುಗಿದ್ದ ಹಲಗೆಗೋಡೆಗೆ ಡಾಯಲ್ ಆ ತುಂಡನ್ನು ಮೊಳೆ ಹೊಡೆದು, ನಗುವುದಕ್ಕೆಂದು ನಾಲ್ಕು ಹೆಜ್ಜೆ ಹಿಂದೆ ಸರಿದ. ಮುಸ್ಸಂಜೆಯ ಬೆಳಕು ಕಿಟಕಿಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು.

"ಎಲ್ಲೋ ಅದು? ಬಿತ್ತಾ?" ಅವನು ಕಣ್ಣುಜ್ಜಿಕೊಂಡ. "ಮೊಳೆ ಕಾಣ್ತಿದೆ, ಬಾಲಾನೇ ಇಲ್ವಲ್ಲೋ!"

ಬೆನ್ನಿಗೆ ಚಳಿಗಾಳಿ ಹೊಡೆಯುತ್ತಿದ್ದರೂ ಆರ್ಲಿಸ್ ಎದೆಯುಬ್ಬಿಸಿ ನಿಂತ.

"ಸರಿಯಾಗಿ ಎಣಿಸ್ಕೋ ಡಾಯಲ್. ಮೂರೇ ಇರೋದು."